ಆಕೆ ಬಿಟ್ಟುಹೋದ ಆವೃತ್ತಿ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಕಸ ಗುಡಿಸಿ, ಎರಡೂ ಕುರ್ಚಿಗಳ ಧೂಳು ಒರೆಸಿದ ಮೇಲೆಯೇ ನಾನು ಕಂಪ್ಯೂಟರ್ ಹಚ್ಚುವುದು. ಎರಡನೇ ಕುರ್ಚಿಯಲ್ಲಿ ಕೂಡುವವರು ಈಗ ಯಾರೂ ಇಲ್ಲ. ಆದರೂ ಒರೆಸುತ್ತೇನೆ. ಆ ದಿನವೂ ಒರೆಸಿ ಕೂತು ಅಂಗಡಿಯ ಮೇಲ್ ತೆರೆದರೆ ನನ್ನ ಗೆಳತಿಯ ಹೆಸರಿಗೆ ಒಂದು ಪತ್ರ ಬಂದಿತ್ತು. ಆಕೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಬರೆದವನು ದೂರದ ಊರಿನ ಒಬ್ಬ ಸಂಶೋಧನಾ ವಿದ್ಯಾರ್ಥಿ. ಅವನಿಗೆ ಆಕೆ ಇಲ್ಲದ್ದು ಗೊತ್ತಿರಲು ಕಾರಣವಿಲ್ಲ. "ಮೇಡಂ, ನಿಮ್ಮ ಸನಬದ್ಲಿ ನನಗೆ ಬಹಳ ಉಪಯೋಗವಾಗಿದೆ. ಆದರೆ ಒಂದು ಕಡೆ ಒಬ್ಬ ಮನುಷ್ಯ ಸತ್ತ ಮರುವರ್ಷ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಾನೆ. ತಪ್ಪು ನನ್ನದೋ ಪ್ರೋಗ್ರಾಮಿನದೋ ದಯವಿಟ್ಟು ತಿಳಿಸಿ" ಎಂದು ಬರೆದಿದ್ದ.

ಸನಬದ್ಲಿ ನಾವಿಬ್ಬರೂ ಕೂಡಿ ಮಾಡಿದ ಪ್ರೋಗ್ರಾಂ. ನಮ್ಮ ಅಂಗಡಿ ಬಸವಕಲ್ಯಾಣದಲ್ಲಿ, ತಹಸೀಲ್ ಕಚೇರಿಗೆ ಹೋಗುವ ಓಣಿಯಲ್ಲಿದೆ. ಮಂಠಾಳ, ಮುಡಬಿ, ಹುಲಸೂರ ಕಡೆಯ ಜನ ನಿಜಾಮರ ಕಾಲದ ಉರ್ದು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಾರೆ. ಗೆಳತಿ ಉರ್ದು ಓದಿ ಬಾಯಲ್ಲೇ ಕನ್ನಡ ಮಾಡಿ ಹೇಳುವಳು, ನಾನು ಟೈಪಿಸುವೆ. ಆ ಕಾಗದಗಳಲ್ಲಿ ವರ್ಷ ಫಸಲಿ ಸನ್ನಿನಲ್ಲಿ, ಅಂದರೆ ನಿಜಾಮರ ಕಂದಾಯ ವರ್ಷದ ಲೆಕ್ಕದಲ್ಲಿ ಇರುತ್ತದೆ. ತಿಂಗಳ ಹೆಸರುಗಳೂ ಆಜೂರ, ದೈ, ಬಹಮನ ಎಂದು ಬೇರೆಯೇ. ದಿನಾ ಬೆರಳು ಮಡಿಚಿ ಎಣಿಸುವುದು ಸಾಕಾಗಿ, ಫಸಲಿ ತಾರೀಖು ಕೊಟ್ಟರೆ ಇಂಗ್ಲಿಷ್ ತಾರೀಖು ಹೇಳುವ ಒಂದು ಸಣ್ಣ ಪ್ರೋಗ್ರಾಂ ಬರೆದೆವು. ಚಿತ್ರ, ಗುಂಡಿ ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಅದರ ಹೆಸರು, ಮುಂದೆ ತಾರೀಖು ಟೈಪಿಸಿ ಎಂಟರ್ ಒತ್ತಬೇಕು, ಅಷ್ಟೇ. ಲೆಕ್ಕ ಕೂಡಿಸುವ ಭಾಗ ಬಹಳಷ್ಟು ನನ್ನದು. ಮಾತಾಡುವ ಭಾಗ ಪೂರ್ತಿ ಆಕೆಯದು.

ಮಾತಾಡುವ ಭಾಗ ಅಂದರೆ, ಯಾರಾದರೂ ತಪ್ಪು ಟೈಪಿಸಿದಾಗ ಪರದೆಯ ಮೇಲೆ ಬರುವ ಸಾಲುಗಳು. ಬೇರೆ ಪ್ರೋಗ್ರಾಮುಗಳು 'ಅಮಾನ್ಯ' ಎಂದು ಮುಖ ತಿರುಗಿಸುವ ಕಡೆ ಆಕೆ ನಮ್ಮ ಊರ ಮಾತು ಕೂಡಿಸಿದ್ದಳು. ಇಲ್ಲದ ತಿಂಗಳು ಕೊಟ್ಟರೆ, "ಇಂಥಾ ತಿಂಗಳಿಲ್ರಿ. ಚಷ್ಮಾ ಹಾಕ್ಕೊಂಡು ಮತ್ತೊಮ್ಮೆ ನೋಡ್ರಿ." ಏನೂ ಕೊಡದೆ ಎಂಟರ್ ಒತ್ತಿದರೆ, "ಏನೂ ಹೇಳ್ದೆ ಏನ್ ಕೇಳಾಕತ್ತೀರಿ?" ಮೂವತ್ತೈದು ಎಂದು ಬರೆದರೆ, "ಮೂವತ್ತೈದನೇ ತಾರೀಖು ಯಾವ ಊರಾಗ ಬರ್ತದ್ರಿ?" ಒಳಗೆ ಲೆಕ್ಕವೇ ಕೆಟ್ಟು ನಿಂತರೆ ಬರುವ ಸಾಲು ಮಾತ್ರ ಲೋಕಕ್ಕಲ್ಲ, ನನಗೆ: "ಅಕ್ಕಾ, ಇದು ನಿನ್ನ ಕೆಲಸ. ಬಾ ಇಲ್ಲಿ."

ಇದನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲಿ, ಒಳಗಿನದನ್ನು ಓದಿ ತಿದ್ದಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಪ್ರೋಗ್ರಾಮುಗಳನ್ನು ಇಡುವ ಸಾರ್ವಜನಿಕ ಪ್ಯಾಕೇಜ್ ಭಂಡಾರಕ್ಕೆ ಏರಿಸಿದವಳೂ ಆಕೆಯೇ. ಭಂಡಾರದಲ್ಲಿ ಖಾತೆ ತೆರೆದದ್ದು ತನ್ನ ಸ್ವಂತ ಮೇಲ್‌ನಿಂದ, ತನ್ನ ಫೋನಿನಿಂದ. ನಾನು ಆಗ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ನನ್ನದೊಂದು ಹೆಸರೂ ಆ ಖಾತೆಗೆ ಸೇರಿಸಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮುಂದೆ ಮಳೆಗಾಲದಲ್ಲಿ ಒಂದು ದಿನ, ಮೈ ಬಿಸಿ ಎಂದು ಮಧ್ಯಾಹ್ನದ ಬಸ್ಸಿಗೆ ಹುಮನಾಬಾದಿನ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ವಿದ್ಯಾರ್ಥಿಯ ಪತ್ರದಲ್ಲಿದ್ದ ಎರಡು ತಾರೀಖುಗಳನ್ನು ಕೊಟ್ಟು ನೋಡಿದೆ. ಹೆಬ್ಬೆಟ್ಟಿನ ಕಾಗದದಲ್ಲಿ ತಿಂಗಳು ಇತ್ತು, ಇಸ್ಫಂದಾರ, ಅಂದರೆ ಸುಮಾರು ಜನವರಿ. ಸಾವಿನ ನೋಂದಣಿಯಲ್ಲಿ ಬರೀ ಸನ್ ಇತ್ತು. ಎರಡೂ ಒಂದೇ ಫಸಲಿ ಸನ್. ಪ್ರೋಗ್ರಾಂ ಮಾತ್ರ ಸಾವನ್ನು ಒಂದು ವರ್ಷ ಹಿಂದಕ್ಕೆ ಎಳೆದಿತ್ತು.

ಎಲ್ಲಿ ತಪ್ಪಿತು ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಕಡೆಯ ಹಳೇ ಕಾಗದಗಳಲ್ಲಿ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಮೊದಲ ಮೂರು ತಿಂಗಳಾದರೆ ಐನೂರ ತೊಂಬತ್ತು ಕೂಡಿಸಬೇಕು, ಜನವರಿಯಿಂದ ಮುಂದೆ ಐನೂರ ತೊಂಬತ್ತೊಂದು. ತಿಂಗಳು ಕೊಟ್ಟಾಗ ಸನಬದ್ಲಿ ಇದನ್ನು ಸರಿಯಾಗಿಯೇ ಮಾಡುತ್ತಿತ್ತು. ತಿಂಗಳು ಇಲ್ಲದಿದ್ದಾಗ ಮಾತ್ರ ಸುಮ್ಮನೆ ಐನೂರ ತೊಂಬತ್ತು ಕೂಡಿಸಿ ಒಂದೇ ವರ್ಷ ಹೇಳುತ್ತಿತ್ತು. ಕಚೇರಿ ಮುಂದಿನ ಅರ್ಜಿ ಬರೆಯುವವರೆಲ್ಲ ಮಾಡುವುದು ಹಾಗೆಯೇ. ಗೆಳತಿಯ ಅಪ್ಪ ಜೀವನವಿಡೀ ಅರ್ಜಿ ಬರೆದವರು, ಆಕೆ ಕಲಿತದ್ದು ಅವರ ಹತ್ತಿರ. ಕಾಗದ ತಂದವನು ಎದುರಿಗೇ ಕೂತಿರುತ್ತಾನೆ. "ಜೋಳ ಕೊಯ್ದ ಮ್ಯಾಲೇನ್ರಿ, ಮೊದಲೇನ್ರಿ?" ಎಂದು ಕೇಳಿದರೆ ವರ್ಷ ತಾನಾಗಿ ಸರಿಹೋಗುತ್ತದೆ. ಹಾಗಾಗಿ ಈ ಓಣಿಯಲ್ಲಿ ಅದು ತಪ್ಪು ಅನ್ನಿಸಿಯೇ ಇರಲಿಲ್ಲ. ಓಣಿ ಬಿಟ್ಟು ಹೊರಗೆ ಹೋದ ಪ್ರೋಗ್ರಾಮಿನ ಎದುರಿಗೆ ಯಾರೂ ಕೂತಿರುವುದಿಲ್ಲ.

ತಿದ್ದುವುದು ಸುಲಭವಿತ್ತು. ಬರೀ ಸನ್ ಕೊಟ್ಟರೆ ಎರಡೂ ವರ್ಷಗಳನ್ನು ಹೇಳಬೇಕು, ತಿಂಗಳು ಕೇಳಬೇಕು. ಬರೆದು, ಪರೀಕ್ಷೆಗಳನ್ನು ಓಡಿಸಿದೆ. ಎಲ್ಲೋ ಒಂದು ಆವರಣ ಚಿಹ್ನೆ ಬಿಟ್ಟಿದ್ದೆ. ಪರದೆಯ ಮೇಲೆ ಬಂತು: "ಅಕ್ಕಾ, ಇದು ನಿನ್ನ ಕೆಲಸ. ಬಾ ಇಲ್ಲಿ."

ಎದ್ದು ಹೊರಗೆ ಹೋಗಿ ಚಾ ಹೇಳಿ ಬಂದೆ. ಚಾದವನು ಹಳೇ ರೂಢಿಯಲ್ಲಿ ಎರಡು ಕಪ್ಪು ಇಟ್ಟು, ನಾಲಿಗೆ ಕಚ್ಚಿಕೊಂಡು ಒಂದನ್ನು ತಿರುಗಿ ಒಯ್ದ.

ಆವರಣ ಹಾಕಿದೆ, ಪರೀಕ್ಷೆಗಳು ಪಾಸಾದವು. ಬದಲಾವಣೆಯನ್ನು ದಾಖಲಿಸಿ, ದಾಖಲೆಯ ಪಟ್ಟಿ ತೆರೆದು ನೋಡಿದೆ. ಬದಲಾವಣೆ ಮಾಡಿದವರು ಎಂಬಲ್ಲಿ ಆಕೆಯ ಹೆಸರಿತ್ತು. ಪಕ್ಕದಲ್ಲಿ ಇವತ್ತಿನ ತಾರೀಖು. ಕಾರಣ ದೊಡ್ಡದೇನಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲ ದಿನ ಹೆಸರು ಕೂಡಿಸಿದವಳು ಆಕೆ, ಅದನ್ನು ಯಾರೂ ತೆಗೆದಿರಲಿಲ್ಲ. ಕಾರಣ ಗೊತ್ತಾದ ಮೇಲೂ ಆ ಸಾಲನ್ನು ನೋಡುತ್ತ ಕೂತೆ. ಆಕೆ ಈಗಷ್ಟೇ ಕೆಲಸ ಮಾಡಿ ಕೈ ಒರೆಸಿಕೊಳ್ಳಲು ಒಳಗೆ ಹೋದಂತೆ ಕಾಣುತ್ತಿತ್ತು. ಆಮೇಲೆ ಹೆಸರು ಬದಲಿಸಿ ದಾಖಲೆಯನ್ನು ಮತ್ತೆ ಮಾಡಿದೆ.

ಇನ್ನು ಏರಿಸುವ ಕೆಲಸ. ನಾನು ನನ್ನದೇ ಒಂದು ಖಾತೆ ತೆರೆದೆ. ಮೊದಲು ತಾಲೀಮಿಗೆಂದೇ ಇರುವ ಪರೀಕ್ಷಾ ಭಂಡಾರಕ್ಕೆ ಏರಿಸಿ ನೋಡಿದೆ. ವಿವರಣೆಯ ಪುಟದಲ್ಲಿ ಕನ್ನಡ ಸರಿಯಾಗಿ ಬಂತು, ಇಳಿಸಿಕೊಂಡರೆ ಓಡಿತು. ಅಸಲು ಭಂಡಾರಕ್ಕೆ ಬಂದಾಗ ಬಾಗಿಲು ಮುಚ್ಚಿತು. ಈ ಹೆಸರಿನ ಪ್ಯಾಕೇಜಿಗೆ ನಿಮಗೆ ಅಧಿಕಾರವಿಲ್ಲ ಎಂಬ ಉತ್ತರ. ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿ ಹೊಸದಾಗಿ ಏರಿಸಹೋದರೆ, ಇರುವ ಹೆಸರಿಗೆ ಇದು ತೀರ ಹತ್ತಿರ ಎಂದು ಅದನ್ನೂ ತಿರುಗಿಸಿತು. ಪೂರ್ತಿ ಬೇರೆ ಹೆಸರಿಡಬಹುದಿತ್ತು. ಆದರೆ ಹಳೆಯದನ್ನು ಇಳಿಸಿಕೊಂಡವರಿಗೆ ಹೊಸದು ಬಂದದ್ದು ತಿಳಿಯುವುದಿಲ್ಲ. ಆಕೆಯ ಹೆಸರಿನ ಕೆಳಗೆ ಆ ತಪ್ಪು ವರ್ಷ ಇದ್ದಲ್ಲೇ ಇರುತ್ತದೆ, ಯಾರೋ ಅದನ್ನು ನಂಬಿ ತಮ್ಮ ಅಜ್ಜನ ಸಾವನ್ನು ಹಿಂದೆ ಮುಂದೆ ಮಾಡುತ್ತಿರುತ್ತಾರೆ. ವಿದ್ಯಾರ್ಥಿಗೆ ತಪ್ಪು ಪ್ರೋಗ್ರಾಮಿನದು ಎಂದೂ, ಬರೀ ಸನ್ ಇರುವ ಕಡೆ ಅದನ್ನು ಬಳಸಬೇಡ ಎಂದೂ ಬರೆದೆ. ಆಕೆ ಇಲ್ಲ ಎಂದು ಬರೆಯಲು ಎರಡು ಸಲ ಕೂತೆ, ಎರಡನೇ ಸಲ ಬರೆದೆ.

ಆಕೆಯ ಖಾತೆಯಿಂದಲೇ ಏರಿಸೋಣವೆಂದು ಆಕೆಯ ಗಂಡನಿಗೆ ಫೋನ್ ಮಾಡಿದೆ. ಅವರದು ಹುಮನಾಬಾದಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ, ಹಿಂದೆಯೇ ಮನೆ.

"ಫೋನ್ ಐತ್ರೀ ಅಕ್ಕಾರ, ಚಾರ್ಜಿಗೇ ಇಟ್ಟೀನಿ," ಅಂದರು. "ಬಂದ್ ಮಾಡಿಲ್ಲ. ಬರ್ರಿ. ರೊಟ್ಟಿ ಇಲ್ಲೇ ಉಣ್ಣೂರಂತ."

ಮರುದಿನ ಅಂಗಡಿಗೆ ಬೀಗ ಹಾಕಿ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಏರಿಸಿ ಹೊರಟೆ. ಆಕೆ ದಿನಾ ಓಡಾಡುತ್ತಿದ್ದ ದಾರಿ. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಿದ್ದಾಗ ಕಂಡಕ್ಟರ್ ನನ್ನ ಪಕ್ಕದ ಖಾಲಿ ಸೀಟು ನೋಡಿ, "ಇಬ್ಬರೇನ್ರಿ?" ಎಂದ. ಚೀಲ ಸೀಟಿನ ಮೇಲಿಟ್ಟಿದ್ದೆ, ಅದಕ್ಕೆ ಕೇಳಿದ್ದು. "ಒಬ್ಬಾಕೀನ" ಅಂದು ಚೀಲ ತೊಡೆಗೆ ಎಳೆದುಕೊಂಡೆ.

ವೈಂಡಿಂಗ್ ಅಂಗಡಿಯಲ್ಲಿ ವಾರ್ನಿಷಿನ ವಾಸನೆ. ಗೆಳತಿಯ ಗಂಡ ಒಂದು ಪಂಪ್ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಸುತ್ತು ಮುಗಿಯುವವರೆಗೆ ಮಾತಾಡದೆ ಕೈಸನ್ನೆಯಲ್ಲೇ ಕೂಡಲು ಹೇಳಿದರು. ಮುಗಿದ ಮೇಲೆ ಕೈ ತೊಳೆದು, ಒಳಗಿನ ಗೋಡೆಯ ಮಾಡದಿಂದ ಫೋನ್ ತಂದು ಎರಡೂ ಕೈಯಿಂದ ಕೊಟ್ಟರು.

"ಅಕಿ ಹೆಸರ‍್ಲೆ ಇನ್ನಾ ಫೋನ್ ಬರ್ತಾವ್ರಿ. ಬ್ಯಾಂಕಿನವ್ರು, ಸೀರಿ ಅಂಗಡ್ಯವ್ರು. 'ಮೇಡಂ ಅದಾರೇನ್ರಿ?' ಅಂತಾರ."

"ನೀವೇನಂತೀರಿ?"

"ಹೊರಗ ಹೋಗ್ಯಾಳ ಅಂತೀನಿ. ಸುಳ್ಳಂತೂ ಅಲ್ಲ."

ಭಂಡಾರದ ಖಾತೆಯ ಪಾಸ್‌ವರ್ಡ್ ಅವರಿಗೆ ಗೊತ್ತಿತ್ತು. "ನನ್ನ ಮುಂದನ ಇಟ್ಟಿದ್ಲ್. ನಿಮಗ ನೆನಪ ಉಳ್ಯೂದಿಲ್ಲ, ನಿಮ್ಮ ಅಂಗಡಿ ಹೆಸರನ ಇಡ್ತೀನಿ ಅಂದ್ಲ್." ನಾನು ಲ್ಯಾಪ್‌ಟಾಪಿನಲ್ಲಿ ಅದನ್ನು ಬರೆದೆ. ಭಂಡಾರ ಎರಡನೇ ಗುರುತು ಕೇಳಿತು. ಫೋನಿನಲ್ಲಿರುವ ಒಂದು ಆ್ಯಪ್ ಅರ್ಧ ನಿಮಿಷಕ್ಕೊಮ್ಮೆ ಹೊಸ ಆರಂಕಿ ತೋರಿಸುತ್ತದೆ, ಅದನ್ನು ಬರೆಯಬೇಕು. ಆ್ಯಪ್ ತೆರೆದೆವು. ಅಂಕಿಗಳ ಪಕ್ಕ ಒಂದು ಸಣ್ಣ ವೃತ್ತ ಕರಗುತ್ತಿತ್ತು. ಪೂರ್ತಿ ಕರಗಿದ ಕೂಡಲೇ ಹೊಸ ಅಂಕಿಗಳು, ಮತ್ತೆ ತುಂಬಿದ ವೃತ್ತ.

ಅವರು ಬಗ್ಗಿ ನೋಡಿದರು. "ಇದು ಯಾವಾಗಿಂದ ಹಿಂಗ ನಡದದ್ರಿ?"

"ಅಕಿ ಹಚ್ಚಿದ ದಿನದಿಂದ."

"ಅಂದ್ರ ಇಷ್ಟ್ ದಿನಾನೂ? ಮಾಡದಾಗ ಕುಂತು?"

"ಹೌದ್ರಿ."

"ಅಕಿ ಸಲುವಾಗಿ ಇನ್ನಾ ಎಣಸಾಕತ್ತದ ನೋಡ್ರಿ," ಅಂದರು. ಆಮೇಲೆ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು, "ನಾ ಓದ್ತೀನಿ, ನೀವ್ ಬರೀರಿ" ಎಂದು ಅಂಕಿಗಳನ್ನು ಒಂದೊಂದಾಗಿ ಓದತೊಡಗಿದರು.

ನಾನು ಬರೆಯುತ್ತಿದ್ದೆ. ಐದನೆಯ ಅಂಕಿಗೆ ಬೆರಳು ನಿಂತಿತು. ಆರನೆಯದನ್ನು ಅವರು ಎರಡು ಸಲ ಹೇಳಿದರು. ಅಷ್ಟರಲ್ಲಿ ವೃತ್ತ ಕರಗಿ ಅಂಕಿಗಳು ಬದಲಾದವು.

"ತಡಾ ಆತ್ರಿ. ಹೊಸಾವು ಬಂದಾವ. ಓದ್ಲೇನು?"

ನನಗೆ ಒಂದು ಹಳೇ ಮಧ್ಯಾಹ್ನ ನೆನಪಾಗಿತ್ತು. ಊರ ಹೆಸರು ಬೇಡ, ಒಬ್ಬರು ಒಂದು ಕರಾರು ಪತ್ರ ಬರೆಸಲು ಬಂದಿದ್ದರು. ತಾರೀಖು ಹಿಂದಿನದು ಹಾಕಿರಿ, ಅಪ್ಪನ ಹೆಬ್ಬೆಟ್ಟು ತಂದಿದ್ದೇವೆ ಎಂದು ಖಾಲಿ ಹಾಳೆ ಮುಂದಿಟ್ಟರು. ಹಾಳೆಯ ಕೆಳಗೆ ಹೆಬ್ಬೆಟ್ಟಿತ್ತು. ಗೆಳತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬದುಕಿದವರು ಒತ್ತುವಾಗ ಬೆರಳನ್ನು ತುಸುವಾದರೂ ಹೊರಳಿಸುತ್ತಾರೆ, ಇದು ಮುದ್ರೆ ಒತ್ತಿದಂತೆ ನೆಟ್ಟಗೆ ಬಿದ್ದಿತ್ತು. "ಅಪ್ಪಾರ ಬೆರಳು ಅವ್ರಿಗೇ ಇರ್ಲಿ ಬಿಡ್ರಿ. ಹೋಗೂ ಮುಂದ ಒತ್ತಿದ್ದು ಸಾಕ್" ಎಂದು ಹಾಳೆಯನ್ನು ತಿರುಗಿ ಕೊಟ್ಟಿದ್ದಳು. ಅವರು ಬೈದು ಹೋದರು. ಆಕೆ ಕೈ ತೊಳೆದುಕೊಂಡು ಬಂದು, "ಅಕ್ಕಾ, ಮುಂದಿಂದು ಹೇಳ್ಲೇನು?" ಅಂದಿದ್ದಳು.

ನಾನು ಲ್ಯಾಪ್‌ಟಾಪಿನ ಪುಟ ಮುಚ್ಚಿದೆ.

"ಯಾಕ್ರಿ? ಏನಾತು?"

"ಇದು ಏರಿತಂದ್ರ, ಏರಿಸಿದವ್ರು ಅಕಿ ಅಂತ ಬೀಳ್ತದ. ಇವತ್ತಿನ ತಾರೀಖಿಗಿ."

"ಬೀಳ್ಲಿ. ಅದಕ್ಕನ ಅಲ್ರಿ ನಾ ಇದನ್ನ ಜೀವಂತ ಇಟ್ಟೀನಿ?" ಅವರ ದನಿ ಮೊದಲ ಸಲ ಏರಿತು. "ಅಕಿ ಹೆಸರ‍್ಲೆ ಲೋಕದಾಗ ಇರೂದು ಇದೊಂದ. ಮನಿ ನನ್ನ ಹೆಸರ‍್ಲೆ, ಅಂಗಡಿ ನನ್ನ ಹೆಸರ‍್ಲೆ. ನೀವ್ ಹೊಸದಾಗಿ ಏನರ ಮಾಡಿದ್ರ ಅಕಿದೇನ್ ಉಳೀತು?"

"ಬರದಾಕಿ ಅಕಿ ಅಂತ ಉಳೀತದ. ಏರಿಸಿದಾಕಿ ನಾ ಅಂತ ಬೀಳ್ತದ. ಇವತ್ತು ಅಕಿ ಕೈಲೆ ಒತ್ತಿಸಿದ್ವಿ ಅಂದ್ರ..." ವಿದ್ಯಾರ್ಥಿಯ ಪತ್ರದಲ್ಲಿದ್ದ ಮನುಷ್ಯನ ಕತೆಯನ್ನು ಅವರಿಗೆ ಹೇಳಿದೆ. ಸತ್ತ ಮರುವರ್ಷ ಬಂದು ಹೆಬ್ಬೆಟ್ಟು ಒತ್ತಿ ಹೋದವನು. "ನಾವು ತಿದ್ದಾಕ ಹೊಂಟದ್ದನ ಅದು ಅಲ್ರಿ?"

ಅವರು ಎದ್ದು ಮೋಟಾರಿನ ಮುಂದೆ ಹೋಗಿ ಕೂತರು. ಬಾಯಲ್ಲಿ ಎಣಿಸುತ್ತ ತಂತಿ ಸುತ್ತಿದರು. ನಡುವೆ ನಿಂತು, ಎಣಿಕೆ ತಪ್ಪಿರಬೇಕು, ಸುತ್ತಿದ್ದನ್ನೆಲ್ಲ ನಿಧಾನವಾಗಿ ಬಿಚ್ಚಿದರು. ನಾನೇ ಒಳಗೆ ಹೋಗಿ ಚಾ ಮಾಡಿ ತಂದೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗಲಿಲ್ಲ, ಆಕೆ ಅಂಗಡಿಯಲ್ಲಿಡುತ್ತಿದ್ದಂತೆ ಇಲ್ಲೂ ಚಾಪುಡಿಯ ಹಿಂದೆಯೇ ಇತ್ತು.

ಚಾ ಕುಡಿದು ಲೋಟ ಕೆಳಗಿಟ್ಟು ಅವರು ಅಂದರು, "ಬ್ಯಾರೆ ದಾರಿ ಅದ ಏನ್ರಿ?"

ಇತ್ತು, ಉದ್ದನೆಯದು. ಖಾತೆದಾರರು ಇಲ್ಲವಾದ ಪ್ಯಾಕೇಜನ್ನು ಬೇರೆಯವರ ಕೈಗೆ ಕೊಡಿ ಎಂದು ಭಂಡಾರ ನೋಡಿಕೊಳ್ಳುವವರಿಗೆ ಬಹಿರಂಗವಾಗಿ ಅರ್ಜಿ ಹಾಕಬೇಕು. ನಾನು ಯಾರು, ಏನು ತಿದ್ದಬೇಕು, ಯಾಕೆ ಎಂದು ನನ್ನ ಹೆಸರಿನಲ್ಲೇ ಬರೆದೆ. ಆಕೆ ತೀರಿಕೊಂಡದ್ದು ನಿಜ ಎಂದು ಗಂಡ ಅವರ ಹೆಸರಿನಲ್ಲಿ ಎರಡು ಸಾಲು ಬರೆದರು. ಆ ಎರಡು ಸಾಲಿಗೆ ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನು ಅವರ ಮನೆಯ ಪಾತ್ರೆಗಳನ್ನೆಲ್ಲ ತೊಳೆದಿಟ್ಟೆ. ಸಂಜೆ ಬಸ್ಸಿಗೆ ತಿರುಗಿ ಬಂದೆ.

ಮುಂದೆ ಕಾಯುವುದು. ವಾರಗಳು ಹೋದವು. ಉರ್ದು ಕಾಗದ ಬಂದರೆ ಈಗ ಫೋಟೋ ತೆಗೆದು ಬೀದರಿನ ಒಬ್ಬ ನಿವೃತ್ತ ಮಾಸ್ತರರಿಗೆ ಕಳಿಸುತ್ತೇನೆ, ಅವರು ಓದಿ ಹೇಳುತ್ತಾರೆ. ಟೈಪಿಸುವಾಗ ಸನ್ ಬಂದರೆ ಕೈ ತಾನಾಗಿ ಸನಬದ್ಲಿಯ ಕಡೆಗೆ ಹೋಗುತ್ತದೆ. ಒಮ್ಮೊಮ್ಮೆ ತಾರೀಖು ಹಾಕದೆ ಎಂಟರ್ ಒತ್ತಿಬಿಡುತ್ತೇನೆ. "ಏನೂ ಹೇಳ್ದೆ ಏನ್ ಕೇಳಾಕತ್ತೀರಿ?" ಅಂಗಡಿಯಲ್ಲಿ ಯಾರಾದರೂ ಗಿರಾಕಿ ಇದ್ದರೆ ಪರದೆಯನ್ನು ಸ್ವಲ್ಪ ಆ ಕಡೆ ತಿರುಗಿಸುತ್ತೇನೆ.

ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹುಮನಾಬಾದಿನಿಂದ ಫೋನ್ ಬಂತು.

"ಅಕ್ಕಾರ, ಅಕಿಗಿ ಪತ್ರ ಬಂದದ್ರಿ."

"ಯಾರದು?"

"ಆ ಭಂಡಾರದವ್ರದು. ನೀವು ಇನ್ನಾ ಇದನ್ನ ನೋಡ್ಕೋತೀರೇನು, ಇದ್ರ ಜವಾಬ್ ಬರೀರಿ ಅಂತದ. ಇಂತಿಷ್ಟು ದಿನದಾಗ ಜವಾಬ್ ಬರ್ಲಿಲ್ಲಂದ್ರ ಬ್ಯಾರೇವ್ರಿಗಿ ಕೊಡ್ತೀವಿ ಅಂತದ." ಮೋಟಾರ್ ಬಂದ್ ಮಾಡಿದ ಸದ್ದು ಕೇಳಿತು. "ಏನ್ ಅನ್ಲಿ?"

ನಿಯಮ ಹಾಗೆಯೇ ಇದೆ. ಯಾರು ಏನೇ ಪುರಾವೆ ಕೊಡಲಿ, ಖಾತೆದಾರರನ್ನು ಅವರು ನೇರ ಕೇಳಿಯೇ ಕೇಳುತ್ತಾರೆ. ಉತ್ತರ ಬಾರದೆ ಇರುವುದೇ ಅವರಿಗೆ ಉತ್ತರ.

"ಏನೂ ಅನಬ್ಯಾಡ್ರಿ," ಅಂದೆ.

"ಸುಮ್ಮ ಇರ್ಲೇನು?"

"ಸುಮ್ಮ ಇರ್ರಿ."

"ಬ್ಯಾಂಕಿನವ್ರಿಗಿ ಅಂದಂಗ, ಹೊರಗ ಹೋಗ್ಯಾಳ ಅಂತರ..."

"ಬ್ಯಾಡ್ರಿ."

ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ರೊಟ್ಟಿ ಆರಿ ಗಟ್ಟಿಯಾಯಿತು. ಆಮೇಲೆ ಅವರು, "ಆತ್ರಿ" ಅಂದರು. ಆ ಗಡುವು ಮುಗಿಯುವವರೆಗೆ ಅವರು ಆ ಪತ್ರವನ್ನು ದಿನಾ ತೆರೆದು ಓದಿ ಮುಚ್ಚಿಡುತ್ತಿದ್ದರಂತೆ. ಇದನ್ನು ಮುಂದೆ ಒಮ್ಮೆ ಅವರೇ ಹೇಳಿದರು. ಒಂದು ಸಲವೂ ಉತ್ತರ ಬರೆಯಲಿಲ್ಲ.

ಗಡುವು ದಾಟಿದ ಮೇಲೆ ನನ್ನ ಖಾತೆಗೆ ಅಧಿಕಾರ ಬಂತು. ಆಗ ಕೊನೆಯ ಒಂದು ಕೆಲಸ ಉಳಿದಿತ್ತು. ಬರೀ ಸನ್ ಕೊಟ್ಟವರಿಗೆ ಸನಬದ್ಲಿ ಏನು ಹೇಳಬೇಕು? ಆಕೆಯ ಧಾಟಿಯಲ್ಲಿ ಬರೆಯಲು ಕೂತೆ. 'ಜೋಳ ಕೊಯ್ದ ಮ್ಯಾಲೇನ್ರಿ, ಮೊದಲೇನ್ರಿ' ಎಂದು ಬರೆದೆ. ಚೆನ್ನಾಗಿಯೇ ಇತ್ತು, ಆಕೆಯೇ ಬರೆದಂತಿತ್ತು. ಅದಕ್ಕೇ ಅಳಿಸಿದೆ. ಅಲ್ಲಿ ನನ್ನ ಪುಸ್ತಕದ ಕನ್ನಡದಲ್ಲಿ, "ತಿಂಗಳು ತಿಳಿಯದೆ ಒಂದೇ ವರ್ಷ ಹೇಳಲಾಗದು. ಇವೆರಡರಲ್ಲಿ ಒಂದು" ಎಂದು ಬರೆದೆ. ಉಳಿದ ಸಾಲುಗಳ ನಡುವೆ ಅದು ಹೊಸ ತೇಪೆಯ ಹಾಗೆ ಎದ್ದು ಕಾಣುತ್ತದೆ, ಕಾಣಲಿ. ನನ್ನನ್ನು ಕರೆಯುವ ಸಾಲನ್ನು ತೆಗೆಯಬೇಕು, ಊರ ಹೊರಗಿನವರಿಗೆ ಅದು ಅರ್ಥವಾಗುವುದಿಲ್ಲ ಎಂದು ವಿದ್ಯಾರ್ಥಿ ಸೂಚಿಸಿದ್ದ. ಅದನ್ನು ಇದ್ದಂತೆ ಬಿಟ್ಟೆ.

ಆವೃತ್ತಿಯ ಸಂಖ್ಯೆ ಒಂದು ಮೆಟ್ಟಿಲು ಏರಿಸಿದೆ. ಒಮ್ಮೆ ಬಳಸಿದ ಸಂಖ್ಯೆಯನ್ನು ಭಂಡಾರ ಮತ್ತೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಎರಡೆರಡು ಸಲ ನೋಡಿದೆ. ಬರೆದವರು ಎಂಬಲ್ಲಿ ಆಕೆ, ನಾನು. ಏರಿಸಿದವರು ಎಂಬಲ್ಲಿ ನಾನು. ಎಂಟರ್ ಒತ್ತಿದೆ. ಗೆರೆ ಎಡದಿಂದ ಬಲಕ್ಕೆ ತುಂಬಿತು. ವಿದ್ಯಾರ್ಥಿಗೆ ತಿಳಿಸಿದೆ. ಅವನ ಉತ್ತರ ಒಂದೇ ಸಾಲಿನದು: "ಈಗ ಆ ಮನುಷ್ಯ ಹೆಬ್ಬೆಟ್ಟು ಒತ್ತಿದ ಮೇಲೆಯೇ ಸತ್ತಿದ್ದಾನೆ, ಮೇಡಂ."

ಮುಂದಿನ ವಾರ ಹುಮನಾಬಾದಿಗೆ ಹೋದೆ. ಗೆಳತಿಯ ಗಂಡ ಆಕೆಯ ಹಳೇ ಲ್ಯಾಪ್‌ಟಾಪನ್ನು ಅಂಗಡಿಯ ಮೇಜಿನ ಮೇಲೆ ಒರೆಸಿ ಇಟ್ಟಿದ್ದರು. "ಎಲ್ಲಾರೂ ಇಳಿಸ್ಕೋತಾರಂತ. ನನಗೂ ಇಳಿಸಿ ಕೊಡ್ರಿ" ಅಂದರು. ಭಂಡಾರದಿಂದಲೇ ಇಳಿಸಿ ಕೊಟ್ಟೆ. ಕಪ್ಪು ಪರದೆಯಲ್ಲಿ ಹೆಸರು ಹೇಗೆ ಟೈಪಿಸಬೇಕು, ತಾರೀಖು ಎಲ್ಲಿ ಹಾಕಬೇಕು ಎಂದು ತೋರಿಸಿದೆ. ಮಾಡದಲ್ಲಿ ಫೋನ್ ಇತ್ತು, ಚಾರ್ಜರ್ ಇರಲಿಲ್ಲ.

"ತಪ್ಪು ತಾರೀಖು ಹಾಕಿದ್ರ ಬೈತಾಳಂತಲ್ರಿ?"

"ಬೈತಾಳ."

ವಾರ್ನಿಷ್ ಹತ್ತಿದ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ತಾರೀಖಿನ ಜಾಗದಲ್ಲಿ ಮೂವತ್ತೈದು ಎಂದು ಹಾಕಿ, ನನ್ನ ಕಡೆ ನೋಡದೆ ಎಂಟರ್ ಒತ್ತಿದರು.

"ಮೂವತ್ತೈದನೇ ತಾರೀಖು ಯಾವ ಊರಾಗ ಬರ್ತದ್ರಿ?"

ಅವರು ಅದನ್ನು ಬಾಯಿಬಿಟ್ಟು ಓದಿದರು. ಮೇಜಿನ ಮೇಲೆ ಕೈಯೂರಿ, ಪರದೆಗೆ ಮುಖ ಹತ್ತಿರ ತಂದು, ಮೆಲ್ಲಗೆ ಅಂದರು:

"ನಮ್ಮೂರಾಗ."